ನಡುವೆ ಯಾರೂ ಕೂರದ ಹಜಾರ

ಜವಾದ್ ನನ್ನ ತಂಗಿಯನ್ನು ಕೇಳಿಕೊಂಡು ಬಂದ ದಿನದಿಂದ ಅಮ್ಮ ಮಾತು ಬಿಟ್ಟಿದ್ದಳು. ಉಪ್ಪು ಬೇಕಾ, ರೊಟ್ಟಿ ತಂದ್ಯಾ ಎಂದು ಕೇಳುತ್ತಿದ್ದಳು. ಆದರೆ ಮದುವೆಯ ಮಾತು ಬಂದರೆ ಸುಮ್ಮನಾಗಿ ಬಿಡುತ್ತಿದ್ದಳು. ನನಗೆ ಮೌನ ಇಷ್ಟ. ತತ್ತ್ವಶಾಸ್ತ್ರದಲ್ಲಿ ಪದವಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತವನಿಗೆ ಇಷ್ಟಪಡಲು ಹೆಚ್ಚೇನೂ ಇರುವುದಿಲ್ಲ. ಅಮ್ಮನ ಮೌನಗಳನ್ನು ನಾನು ಹವಾಮಾನದವರು ಮೋಡ ನೋಡುವ ಹಾಗೆ ನೋಡುತ್ತಿದ್ದೆ. ಈ ಮೋಡ ಮಾತ್ರ ಎತ್ತ ಹೋಗುತ್ತದೆ ಎಂದು ತಿಳಿಯಲಿಲ್ಲ.

ಅಪ್ಪ ಒಪ್ಪಿಯಾಗಿತ್ತು. ಅಪ್ಪನ ಅಕ್ಕ ತಾಮೂ ಅತ್ತೆಯಂತೂ ಒಪ್ಪಿಗೆಗೆ ಕಾಯದೆ ಮದುವೆಗೆ ತೊಡುವ ತನ್ನ ಹಸಿರು ಕಫ್ತಾನು ನಿಲುವಂಗಿಯ ಅಂಚು ಬಿಚ್ಚಿಸಿ ಅಗಲ ಮಾಡಿಸಿದ್ದಳು. ಆದರೆ ನಮ್ಮ ಮನೆಯಲ್ಲಿ ಅಪ್ಪನ ಒಪ್ಪಿಗೆ ಎಂದರೆ ಅಮ್ಮನ ಒಪ್ಪಿಗೆಯನ್ನು ಗಟ್ಟಿಯಾಗಿ ಓದಿ ಹೇಳುವುದು, ಅಷ್ಟೆ. ಓದಲು ಇನ್ನೂ ಏನೂ ಬಂದಿರಲಿಲ್ಲ. ತಂಗಿ ಇಬ್ತಿಸಾಮ್ ಔಷಧಿ ಅಂಗಡಿಯ ಕೆಲಸದಿಂದ ಬಂದವಳು ಪ್ರತಿ ಸಂಜೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನ ಬೆನ್ನನ್ನೇ ನೋಡುತ್ತಿದ್ದಳು.

ಹನ್ನೊಂದನೆಯ ದಿನ ಅಮ್ಮ ಬಟಾಣಿ ಸುಲಿಯುತ್ತ ಬಾಯಿ ಬಿಟ್ಟಳು.

"ಹುಡುಗ ಒಳ್ಳೆಯವನೇ. ಆದರೆ ಬದುಕೆಲ್ಲ ಗದ್ದಲದಲ್ಲೇ. ಅಂಗಡಿ ತುಂಬ ಸ್ಪೀಕರು, ಮದುವೆಮನೆಗೆಲ್ಲ ಸ್ಪೀಕರು. ನನ್ನ ಮಗಳು ಏನಾದ್ರೂ ಹೇಳಿದ್ರೆ ಅವನಿಗೆ ಕೇಳಿಸುತ್ತಾ?"

"ಕೇಳಿಸುತ್ತೆ ಅಮ್ಮ," ಅಂದಳು ಇಬ್ತಿಸಾಮ್.

"ನಿನ್ನನ್ನ ಕೇಳಲಿಲ್ಲ. ಶುಕ್ರವಾರ ಬರೋಕೆ ಹೇಳು. ನಿಮ್ಮಪ್ಪನ ಆ ಪೆಟ್ಟಿಗೆ ಜೋಡಿಸಿ ಕೊಡಲಿ. ನಾನು ನೋಡ್ತೀನಿ. ಆಮೇಲೆ ಹೇಳ್ತೀನಿ."

ಆ ಪೆಟ್ಟಿಗೆ ಎಂದರೆ ಅಂಚೆ ಕಚೇರಿಯಿಂದ ನಿವೃತ್ತನಾದ ದಿನ ಅಪ್ಪ ತನಗೆ ತಾನೇ ಕೊಟ್ಟುಕೊಂಡ ಉಡುಗೊರೆ. ಒಂದು ಹೋಮ್ ಥಿಯೇಟರ್. ಐದು ಸ್ಪೀಕರು, ಒಂದು ದಪ್ಪ ಕಪ್ಪು ಡಬ್ಬ, ಒಂದು ಆಂಪ್ಲಿಫೈಯರ್. ಜೋಡಿಸಲು ಯಾರಿಗೂ ಬಾರದೆ ನಾಲ್ಕು ತಿಂಗಳಿಂದ ನಡುಮನೆಯ ದಾರಿಯಲ್ಲೇ ಕೂತಿತ್ತು. ಅದರ ಮೇಲೆ ಮೊದಲು ಅಪ್ಪನ ಟೋಪಿ ಬಂತು, ಆಮೇಲೆ ರೊಟ್ಟಿ ಹಲಗೆ, ಆಮೇಲೆ ಇಸ್ತ್ರಿಗೆ ಕಾಯುವ ಬಟ್ಟೆ. ನಮ್ಮ ಸಲಾ ಊರಿನ ಹಳೆಯ ಮನೆಗಳಲ್ಲಿ ಯಾವುದೇ ವಸ್ತು ಒಂದು ತಿಂಗಳು ಅಲುಗದೆ ನಿಂತರೆ ಅದು ಮೇಜಾಗುತ್ತದೆ.

ಶುಕ್ರವಾರ ನಮಾಜು ಮುಗಿದು, ಕುಸ್ಕುಸ್ ತಿಂದು, ಮಜ್ಜಿಗೆ ಕುಡಿದು ಎಲ್ಲರಿಗೂ ಕಣ್ಣು ಎಳೆಯುವ ಹೊತ್ತಿಗೆ ಜವಾದ್ ಬಂದ. ಹೆಗಲಲ್ಲಿ ಸಾಮಾನಿನ ಚೀಲ, ಕಾಲಲ್ಲಿ ಹೊಳೆಯುವ ಷೂ. ಹೊಸ್ತಿಲಲ್ಲಿ ಷೂ ಬಿಚ್ಚುವಾಗಲೇ ಮಾತು ಶುರು ಮಾಡಿದ. ದಾರಿಯ ಬಗ್ಗೆ ಹೇಳಿದ, ಬಿಸಿಲಿನ ಬಗ್ಗೆ ಹೇಳಿದ, ನಮ್ಮ ಬೀದಿಯ ಬೆಕ್ಕುಗಳು ತನ್ನ ತಬ್ರಿಕೆತ್ ಬಡಾವಣೆಯ ಬೆಕ್ಕುಗಳಿಗಿಂತ ಮರ್ಯಾದಸ್ಥವೆಂದು ಹೇಳಿದ.

ಇಬ್ತಿಸಾಮ್ ನನ್ನ ತೋಳು ಹಿಂಡಿದಳು. "ಅಣ್ಣಾ, ಅವನಿಗೆ ಹೆದರಿಕೆ ಆದ್ರೆ ಹೀಗೇ. ಏನಾದ್ರೂ ಮಾಡಿ ಬಾಯಿ ಮುಚ್ಚಿಸು."

"ಹೇಗೆ?"

"ತತ್ತ್ವಶಾಸ್ತ್ರದ ಬಗ್ಗೆ ಮಾತಾಡು."

ಅಷ್ಟರಲ್ಲಿ ಅಮ್ಮ ಹಜಾರದ ಬಾಗಿಲಲ್ಲಿ ನಿಂತು ಕರಾರು ಹಾಕಿದಳು. ಗೋಡೆಗೆ ಒಂದು ಮೊಳೆಯೂ ಬೀಳಕೂಡದು, ಅದರ ಮೇಲಿನ ಬಣ್ಣಬಣ್ಣದ ಹೆಂಚಿನ ಚೂರುಗಳನ್ನು ಅವಳ ಅಜ್ಜ ಕೂರಿಸಿದ್ದು. ತಂತಿ ಕಾಣಕೂಡದು. ಹಾಸು ಅಲುಗಕೂಡದು.

"ಆಗಲಿ ಲಲ್ಲಾ ಬತೂಲ್," ಅಂದ ಜವಾದ್, ಅಮ್ಮನನ್ನು ಗೌರವದಿಂದ ಹೆಸರಿಟ್ಟು ಕರೆದು. "ಮೊಳೆ ಇಲ್ಲ, ತಂತಿ ಇಲ್ಲ, ಹಾಸು ಇಲ್ಲ. ಗಾಳಿಯಲ್ಲೇ ಜೋಡಿಸಿಬಿಡೋಣ."

ಅಮ್ಮ ನಗಲಿಲ್ಲ. ಬಾಗಿಲ ಪಕ್ಕದ ತನ್ನ ಜಾಗದಲ್ಲಿ ಕೂತಳು.

ಹಜಾರ ಉದ್ದ, ಅಗಲ ಕಡಿಮೆ. ಮೂರು ಗೋಡೆಗಳುದ್ದಕ್ಕೂ ಮರದ ಮಂಚದಂಥ ಕಟ್ಟೆ, ಅದರ ಮೇಲೆ ಉಣ್ಣೆ ತುಂಬಿದ ಹಾಸು, ಗೋಡೆಗೆ ಒರಗಿಸಿದ ದಿಂಬುಗಳ ಸಾಲು. ನಾಲ್ಕನೆಯ ಗೋಡೆಗೆ ಟಿ.ವಿ. ನಡುವೆ ಕಂಬಳಿ, ಕಂಬಳಿಯ ಮೇಲೆ ದುಂಡು ಮೇಜು. ಹಾಸನ್ನು ಎತ್ತುವಂತಿಲ್ಲವಲ್ಲ. ಹಾಗಾಗಿ ಜವಾದ್ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಪೊರಕೆಯ ಕೋಲಿಗೆ ತಂತಿ ಕಟ್ಟಿ ಕಟ್ಟೆಯ ಅಡಿಯಿಂದ ತಳ್ಳಿದ. ಆ ತುದಿಯಲ್ಲಿ ನಾನು ಹೊಟ್ಟೆ ಹಚ್ಚಿ ಮಲಗಿ ಹಿಡಿದೆ. ಅಪ್ಪ ಕನ್ನಡಕ ಏರಿಸಿ ಕೈಪಿಡಿಯನ್ನು ಟೆಲಿಗ್ರಾಮಿನ ಹಾಗೆ ಓದಿದ.

"ಎಡ ಹಿಂದೆ. ನೀಲಿ ಬಣ್ಣ. ಬಲ ಹಿಂದೆ. ಬೂದಿ ಬಣ್ಣ. ಮುಂದಿನ ಸೂಚನೆಗೆ ಪುಟ ಒಂಬತ್ತು."

"ಸೀ ಮಿಲೂದ್, ಸ್ವಲ್ಪ ನಿಧಾನ," ಅಂದ ಜವಾದ್ ಕಟ್ಟೆಯ ಅಡಿಯಿಂದ ಅಪ್ಪನಿಗೆ.

"ನಾನು ನಿಧಾನವಾಗೇ ಓದ್ತಿದೀನಪ್ಪ. ಬರೆದವನು ಅವಸರದಲ್ಲಿದ್ದ."

ಕೋಲಿನ ಜೊತೆ ಬಂದದ್ದು ತಂತಿಯೊಂದೇ ಅಲ್ಲ. ಎರಡು ಚಮಚ ಬಂದವು, ಒಂದು ಒಣ ಖರ್ಜೂರ ಬಂತು, ಆಮೇಲೆ ಧೂಳಿನ ಉಂಡೆಯೊಳಗಿಂದ ಒಂದು ಚಿನ್ನದ ಓಲೆ ಬಂತು. ತಾಮೂ ಅತ್ತೆ ಅದನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದಳು.

"ನನ್ನದು. ಇದನ್ನ ಕದ್ದಳು ಅಂತ ನಾನು ಪಕ್ಕದ ಮನೆ ರಹ್ಮಾ ಜೊತೆ ಎಂಟು ವರ್ಷದಿಂದ ಮಾತು ಬಿಟ್ಟಿದೀನಿ."

"ಈಗೇನ್ ಮಾಡ್ತೀ ಅತ್ತೆ?" ಅಂದೆ.

ಅವಳು ಒಂದು ಗಳಿಗೆ ಯೋಚಿಸಿದಳು. "ಎಂಟು ವರ್ಷ ಆಯ್ತು. ಈಗ ಮಾತಾಡೋಕೆ ವಿಷಯವಾದ್ರೂ ಏನಿದೆ," ಅಂದು ಓಲೆಯನ್ನು ಎದೆಯೊಳಗೆ ಸೇರಿಸಿಕೊಂಡಳು. ನೆಲದ ಮೇಲೆ ಮಲಗಿದ್ದ ನನಗೂ ಜವಾದ್‌ಗೂ ಕಟ್ಟೆಯ ಅಡಿಯಲ್ಲೇ ಕಣ್ಣು ಕೂಡಿತು. ಇಬ್ಬರೂ ನಗು ತಡೆಯಲು ತುಟಿ ಕಚ್ಚಿಕೊಂಡೆವು. ನನಗೆ ಅವನು ಇಷ್ಟವಾಗತೊಡಗಿದ್ದು ಆಗ.

ಮೊಳೆ ಹೊಡೆಯುವಂತಿಲ್ಲದ್ದರಿಂದ ಹಿಂದಿನ ಸ್ಪೀಕರುಗಳು ದಿಂಬುಗಳ ಹಿಂದೆ ಕೂತವು. ಮುಂದಿನವು ಟಿ.ವಿ.ಯ ಅಕ್ಕಪಕ್ಕ, ಐದನೆಯದು ಅದರ ಕೆಳಗೆ. ಇಟ್ಟ ಮರುಗಳಿಗೆ ಅಮ್ಮ ಎದ್ದು ಬಂದು ಒಂದೊಂದಕ್ಕೂ ಕಸೂತಿ ಬಟ್ಟೆ ಹೊದಿಸಿದಳು. ಜವಾದ್ ಬಾಯಿ ತೆರೆದ, ಇಬ್ತಿಸಾಮ್ ಕಣ್ಣು ಬಿಟ್ಟಳು, ಜವಾದ್ ಬಾಯಿ ಮುಚ್ಚಿದ. ಕಪ್ಪು ಡಬ್ಬವನ್ನು ಎಲ್ಲಿಡಲಿ ಎಂದು ಅವನು ನೋಡುವಷ್ಟರಲ್ಲಿ ತಾಮೂ ಅತ್ತೆ ಅದರ ಮೇಲೆ ಕೂತು, "ಇದು ಒಳ್ಳೇ ಮಣೆ, ಎತ್ತರ ಸರಿಯಾಗಿದೆ," ಅಂದಳು.

"ಅದು ಗುಡುಗು ಬರೋ ಡಬ್ಬ ಅತ್ತೆ," ಅಂದ ಜವಾದ್.

"ಬಂದಾಗ ಏಳ್ತೀನಿ."

ಇನ್ನು ಅಳತೆ. ಕೈಪಿಡಿಯ ಪ್ರಕಾರ ಕೇಳುವವನು ಕೋಣೆಯ ನಡುವೆ ಕೂರಬೇಕು. ಅಲ್ಲಿ ಒಂದು ಪುಟ್ಟ ಮೈಕು ಇಟ್ಟರೆ, ಸ್ಪೀಕರುಗಳು ಒಂದೊಂದಾಗಿ ಕೂಗುತ್ತವೆ. ಯಂತ್ರ ಅದನ್ನು ಕೇಳಿಸಿಕೊಂಡು ಯಾವುದು ಎಷ್ಟು ದೂರ ಎಂದು ತಾನೇ ಲೆಕ್ಕ ಹಾಕುತ್ತದೆ. ನಮ್ಮ ಹಜಾರದಲ್ಲಿ ಕುರ್ಚಿ ಇಲ್ಲ. ಅಡಿಗೆಮನೆಯಿಂದ ನೀಲಿ ಪ್ಲಾಸ್ಟಿಕ್ ಸ್ಟೂಲು ಬಂತು, ದುಂಡು ಮೇಜು ಪಕ್ಕಕ್ಕೆ ಸರಿಯಿತು. ಜವಾದ್ ಸ್ಟೂಲಿನ ಮೇಲೆ ಮೈಕು ನಿಲ್ಲಿಸಿದ.

"ಒಂದೇ ಒಂದು ವಿಷಯ," ಅಂದ. "ಮೂರು ನಿಮಿಷ ಮನೆಯಲ್ಲಿ ಸಣ್ಣ ಸದ್ದೂ ಆಗಬಾರದು."

ನಾವೆಲ್ಲ ಅವನನ್ನೇ ನೋಡಿದೆವು. ಶುಕ್ರವಾರ ಮಧ್ಯಾಹ್ನ, ಸಲಾದ ಬೀದಿಯಲ್ಲಿ, ಮೂರು ನಿಮಿಷ.

"ಹಿಶಾಮ್‌ಗೆ ಬಿಡಿ," ಅಂದಳು ತಾಮೂ ಅತ್ತೆ. "ಅವನು ಸುಮ್ಮನಿರೋದರಲ್ಲೇ ಡಿಗ್ರಿ ಮಾಡಿರೋದು."

ಹೀಗೆ ನಾನು ಮೌನದ ಕಾವಲುಗಾರನಾದೆ. ಕಿಟಕಿ ಮುಚ್ಚಿದೆ, ನಲ್ಲಿ ತಿರುಗಿಸಿದೆ, ಗಡಿಯಾರವನ್ನು ಹೊದಿಕೆಯಲ್ಲಿ ಸುತ್ತಿದೆ, ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತೆ. ಜವಾದ್ ಗುಂಡಿ ಒತ್ತಿದ. ಎಡ ಮುಂದಿನ ಸ್ಪೀಕರು ಕಸೂತಿ ಬಟ್ಟೆಯೊಳಗಿಂದ "ಹೂಊಊಪ್" ಅಂದಿತು, ಬೆಕ್ಕಿಗೆ ಯಾರೋ ಕಷ್ಟದ ಪ್ರಶ್ನೆ ಕೇಳಿದ ಹಾಗೆ. ಬೀದಿಯಲ್ಲಿ ಗ್ಯಾಸಿನವನು ಸಿಲಿಂಡರಿಗೆ ಸ್ಪಾನರಿನಿಂದ ಬಡಿದ. ಟಿ.ವಿ.ಯ ಮೇಲೆ ಅಕ್ಷರ ಮೂಡಿತು: ಗದ್ದಲ ಹೆಚ್ಚಾಗಿದೆ, ಮತ್ತೆ ಅಳೆಯಿರಿ.

ಎರಡನೆಯ ಸಲ ಅಪ್ಪ ಸೀನಿದ. ಮೂರನೆಯ ಸಲ ಮಸೀದಿಯಿಂದ ಅಸರ್ ನಮಾಜಿನ ಕರೆ ಬಂತು. ಅದು ಮುಗಿಯುವ ತನಕ ಎಲ್ಲರೂ ತಲೆ ತಗ್ಗಿಸಿ ಕಾದೆವು, ಯಂತ್ರ ಮಾತ್ರ ಕಾಯದೆ ಗದ್ದಲ ಹೆಚ್ಚಾಗಿದೆ ಎಂದು ಬರೆಯಿತು. "ಇದನ್ನ ಮಾಡಿದೋನಿಗೆ ಭಯ ಭಕ್ತಿ ಇಲ್ಲ," ಅಂದ ಅಪ್ಪ.

ನಾಲ್ಕನೆಯ ಸಲ ಹೊರಗೆ ಎಲ್ಲವೂ ನಿಂತಿತು. ಎಡ ಮುಂದೆ, ಹೂಊಊಪ್. ಬಲ ಮುಂದೆ, ಹೂಊಊಪ್. ಆಮೇಲೆ ಅತ್ತೆ ಕೂತಿದ್ದ ಕಪ್ಪು ಡಬ್ಬದ ಸರದಿ. ಅದು ಹೊಟ್ಟೆಯೊಳಗಿಂದ ಒಂದು ದೀರ್ಘ, ಗಂಭೀರ ಸದ್ದು ಹೊರಡಿಸಿತು. ಅತ್ತೆ ಅಲುಗಲಿಲ್ಲ. ಹಾಗಲ್ಲ, ಅವಳ ಗಲ್ಲ ಮಾತ್ರ ಅಲುಗಿತು. ಅವಳು ನಿಧಾನವಾಗಿ ಕತ್ತು ತಿರುಗಿಸಿ, ಇದು ನಾನಲ್ಲ ಎಂಬ ಮುಖದಲ್ಲಿ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದಳು.

ಮೊದಲು ಅಪ್ಪನ ಹೊಟ್ಟೆ ಕುಣಿಯಿತು. ಇಬ್ತಿಸಾಮ್ ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಜವಾದ್ ಕೈ ಮುಗಿದು ಬೇಡಿಕೊಂಡ, ಬೇಡಿಕೊಳ್ಳುತ್ತಲೇ ಅವನ ಕಣ್ಣಲ್ಲಿ ನೀರು ಬಂತು. ನಾನು ಕಾವಲುಗಾರ. ನನ್ನ ಮೂಗಿನಿಂದ ಒಂದು ಸದ್ದು ಹೊರಟಿತು, ಅದನ್ನು ಈಗಲೂ ವಿವರಿಸಲಾರೆ. ಅಮ್ಮ ತಟ್ಟನೆ ಎದ್ದು ಅಡಿಗೆಮನೆಗೆ ಹೋದಳು. ಒಳಗಿನಿಂದ ನಲ್ಲಿ ಪೂರ್ತಿ ಬಿಟ್ಟ ಸದ್ದು ಬಂತು. ನೀರಿನ ಸದ್ದಿನ ಹಿಂದೆ ಇನ್ನೊಂದು ಸದ್ದು ಇತ್ತು, ಅವಳು ನೀರಿನಲ್ಲಿ ಬಚ್ಚಿಟ್ಟಿದ್ದು.

ಗದ್ದಲ ಹೆಚ್ಚಾಗಿದೆ, ಅಂದಿತು ಯಂತ್ರ.

ಐದನೆಯ ಸಲ ನಾನು ನಲ್ಲಿ ನಿಲ್ಲಿಸಿ ಅಮ್ಮನನ್ನೂ ಕರೆತಂದು, ಎಲ್ಲರಿಗೂ ಒಂದೊಂದು ದಿಂಬು ಕೊಟ್ಟು ಮುಖ ಹೂತುಕೊಳ್ಳಲು ಹೇಳಿದೆ. ಅತ್ತೆಯನ್ನು ಡಬ್ಬದಿಂದ ಎಬ್ಬಿಸಿದೆ. ಮೂರು ನಿಮಿಷ ನಮ್ಮ ಮನೆ, ಬಹುಶಃ ಕಟ್ಟಿದಂದಿನಿಂದ ಮೊದಲ ಸಲ, ಸುಮ್ಮನಿತ್ತು. ನಾನು ಇಷ್ಟು ವರ್ಷ ಹುಡುಕಿದ್ದ ಮೌನಗಳೆಲ್ಲ ಖಾಲಿಯಾಗಿರುತ್ತಿದ್ದವು. ಇದರೊಳಗೆ ಆರು ಜನರ ನಗು ತುಂಬಿತ್ತು. ಒಂದು ಸೂಜಿ ತಾಗಿದ್ದರೆ ಸಾಕಿತ್ತು. ಅಳತೆ ಮುಗಿಯಿತು ಎಂದು ಅಕ್ಷರ ಮೂಡಿದಾಗ ನನಗೆ ಸ್ವಲ್ಪ ಬೇಸರವಾಯಿತು.

ಫ್ರಿಜ್ಜಿನ ಪ್ಲಗ್ಗು ಮತ್ತೆ ಹಾಕಿದೆ. ಅಮ್ಮ ಚಹಾ ತಂದಳು. ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ತಂತಮ್ಮ ಜಾಗದಲ್ಲಿ ಕೂತೆವು. ನಮ್ಮಲ್ಲಿ ಜಾಗ ಎಂದರೆ ಜಾಗ. ಅಪ್ಪ ಬಲಮೂಲೆ, ಅತ್ತೆ ಎಡಮೂಲೆ, ನಾನು ಟಿ.ವಿ. ಪಕ್ಕ, ಇಬ್ತಿಸಾಮ್ ಕಪ್ಪು ಡಬ್ಬದ ಹತ್ತಿರ, ಅಮ್ಮ ಬಾಗಿಲ ಬಳಿ, ಅಡಿಗೆಮನೆಗೆ ಏಳಲು ಅನುಕೂಲವಾಗುವ ತುದಿಯಲ್ಲಿ. ಜವಾದ್ ನೀಲಿ ಸ್ಟೂಲಿನ ಮೇಲೆ ಕೂತು, ಯಾವುದೋ ಹಳೆಯ ರಾಜರ ಯುದ್ಧದ ಸಿನಿಮಾ ಹಾಕಿದ.

ಅವನ ಮುಖ ಅರಳಿತು. "ಕೇಳಿ, ಕೇಳಿ. ಕುದುರೆಗಳು ಹಿಂದಿನಿಂದ ಬಂದವು, ತಲೆಯ ಮೇಲೆ ಹಾದು ಮುಂದೆ ಹೋದವು, ಕೇಳ್ತಾ?"

"ಎಲ್ಲಿ ಹೋದವು?" ಅಂದಳು ಅತ್ತೆ. "ಎಲ್ಲಾ ನನ್ನ ಬೆನ್ನ ಹಿಂದೇ ನಿಂತಿವೆ. ಒಂದು ಉಸಿರು ಬಿಡ್ತಿದೆ."

"ನನಗೆ ಕುದುರೆ ಇಲ್ಲ," ಅಂದ ಅಪ್ಪ. "ಮಳೆ. ಬರೀ ಮಳೆ." ಅವನು ತನಗರಿವಿಲ್ಲದೆ ಕಾಲು ಮೇಲೆತ್ತಿಕೊಂಡಿದ್ದ.

"ನನ್ನ ಹಲ್ಲು ಅಲ್ಲಾಡ್ತಿದೆ," ಅಂದಳು ಇಬ್ತಿಸಾಮ್.

"ರಾಜ ಸತ್ತನಂತೆ," ಅಂದೆ ನಾನು.

"ಯಾರು ಹೇಳಿದ್ದು?"

"ಇಲ್ಲಿ ಒಬ್ಬ ಈಗ ಹೇಳಿದ. ವಿಷ ಹಾಕಿದ್ರಂತೆ."

"ಯಾರು ಹಾಕಿದ್ದು, ಕೇಳಿ ಹೇಳು," ಅಂದಳು ಅತ್ತೆ ಮುಂದೆ ಬಾಗಿ. "ನನ್ನ ಹತ್ರ ಈಗ ಒಂದು ಹೆಂಗಸು ಅಳ್ತಿದಾಳೆ. ಹೆಂಡ್ತಿನೋ, ಹಾಕಿದೋಳೋ."

"ಇಲ್ಲಿ ಇನ್ನೂ ಮಳೆ ನಿಂತಿಲ್ಲ," ಅಂದ ಅಪ್ಪ.

ನಾವು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುತ್ತ ಹೋದೆವು. ಸಿನಿಮಾ ಒಂದೇ, ನೋಡುತ್ತಿದ್ದವರು ಬೇರೆ ಬೇರೆ ಊರಿನಲ್ಲಿದ್ದರು. ನಗು ಏರುತ್ತಿದ್ದಂತೆ ಜವಾದ್‌ನ ಮುಖ ಮಾತ್ರ ಇಳಿಯುತ್ತ ಬಂತು. ಅವನು ಅಮ್ಮನ ಕಡೆ ತಿರುಗಿದ.

"ಲಲ್ಲಾ, ನಿಮಗೆ?"

"ನನಗೆ ಏನೂ ಇಲ್ಲ," ಅಂದಳು ಅಮ್ಮ.

ಇಬ್ತಿಸಾಮ್ ನಗು ನಿಲ್ಲಿಸಿದಳು. ಜವಾದ್ ಸ್ಟೂಲಿನಿಂದ ಎದ್ದ. "ಎಲ್ಲರೂ ಸ್ವಲ್ಪ ನಡುವೆ ಬಂದು ಕೂತ್ರೆ..." ಎಂದು ಶುರು ಮಾಡಿದ.

"ಹಜಾರದ ನಡುವೆ ಯಾರಪ್ಪ ಕೂರ್ತಾರೆ?" ಅಂದ ಅಪ್ಪ. "ನಡು ಇರೋದು ಊಟದ ತಟ್ಟೆಗೆ. ಇಲ್ಲಾ ಮದುವೆ ದಿನ ಹೆಣ್ಣಿಗೆ."

"ನಿಮ್ಮ ಮನೇಲಿ ಕೂರ್ತಾರಾ?" ಅಂದಳು ಅತ್ತೆ.

"ಇಲ್ಲ ಅತ್ತೆ. ನಾವೂ ಗೋಡೆಗೇ." ಅವನು ಕೈಪಿಡಿಯನ್ನು ತಿರುವಿ ನೋಡಿದ. ಅದರ ಚಿತ್ರದಲ್ಲಿ ಒಬ್ಬನೇ ಮನುಷ್ಯ, ಒಂದೇ ಸೋಫಾ, ಕೋಣೆಯ ನಡುವೆ. "ಇವನಿಗೆ ಮನೇಲಿ ಯಾರೂ ಇಲ್ಲ ಅನ್ಸುತ್ತೆ. ನಾನು ಇಂಥ ಹಜಾರದಲ್ಲೇ ಹುಟ್ಟಿದೋನು, ಯೋಚನೆನೇ ಮಾಡ್ಲಿಲ್ಲ ನೋಡಿ. ತಪ್ಪಾಯ್ತು."

ಆಮೇಲೆ ಅವನು ಮಾತು ನಿಲ್ಲಿಸಿದ. ಯಾರೂ ಹೇಳದೆ, ತಾನಾಗಿಯೇ. ರಿಮೋಟು ಹಿಡಿದು ಅತ್ತೆಯ ಪಕ್ಕ ಕೂತು, ಅವಳ ತಲೆಯ ಎತ್ತರಕ್ಕೆ ತಲೆ ತಗ್ಗಿಸಿ ಕೇಳಿದ, ಕುದುರೆಗಳನ್ನು ಸ್ವಲ್ಪ ಹಿಂದಕ್ಕೆ ಅಟ್ಟಿದ. ಅಪ್ಪನ ಪಕ್ಕ ಕೂತು ಮಳೆ ಕಡಿಮೆ ಮಾಡಿದ. ನನ್ನ ಪಕ್ಕ, ಇಬ್ತಿಸಾಮ್‌ಳಿಂದ ಒಂದು ಮೊಳ ದೂರದಲ್ಲಿ, ಹೀಗೆ ಗೋಡೆ ಹಿಡಿದು ಬಂದು ಬಾಗಿಲ ಬಳಿ ನಿಂತ. ಅಮ್ಮ ಎದ್ದು ಜಾಗ ಕೊಟ್ಟಳು. ಅವನು ಆ ತುದಿಯಲ್ಲಿ ಕೂತ. ಬಹಳ ಹೊತ್ತು ಏನೂ ಒತ್ತಲಿಲ್ಲ. ಕೊನೆಗೆ ಸಿನಿಮಾವನ್ನೇ ನಿಲ್ಲಿಸಿದ.

"ಲಲ್ಲಾ, ಇಲ್ಲಿ ಫ್ರಿಜ್ಜು ಕೇಳುತ್ತೆ."

"ಹೌದು."

"ಫ್ರಿಜ್ಜು ಬಿಟ್ಟು ಇನ್ನೇನೂ ಕೇಳಲ್ಲ. ಟಿ.ವಿ. ಸದ್ದು ಬಾಗಿಲ ಪಕ್ಕದ ಆ ಕಂಬಕ್ಕೆ ಬಡಿದು ವಾಪಸ್ ಹೋಗುತ್ತೆ. ರಂಜಾನ್ ಧಾರಾವಾಹಿ ಎಲ್ಲ ಹೇಗೆ ನೋಡ್ತೀರಿ?"

"ನೋಡ್ತೀನಿ. ಕೇಳಲ್ಲ. ಏನಾಯ್ತು ಅಂತ ಆಮೇಲೆ ಇಬ್ತಿಸಾಮ್ ಹೇಳ್ತಾಳೆ."

ಅಪ್ಪ ಚಹಾದ ಲೋಟ ಕೆಳಗಿಟ್ಟ. "ಬತೂಲ್, ನಮ್ಮ ಜೊತೆ ನೀನೂ ನಗ್ತಿದ್ದೆಯಲ್ಲ."

"ನೀವು ನಗ್ತಿದ್ರಿ," ಅಂದಳು ಅಮ್ಮ. "ನಾನೂ ನಗ್ತಿದ್ದೆ."

ಇಪ್ಪತ್ತೊಂಬತ್ತು ವರ್ಷದಿಂದ ಅವಳು ಕೂತದ್ದು ಅದೇ ತುದಿಯಲ್ಲಿ. ಅವಳ ಮೌನಗಳನ್ನು ಬಲ್ಲೆ ಎಂದುಕೊಂಡಿದ್ದ ನಾನು ಕಂಬಳಿಯ ಅಂಚು ನೋಡುತ್ತ ಕೂತೆ. ಆದರೆ ಹಾಗೆ ಕೂರಲು ಯಾರೂ ಬಿಡಲಿಲ್ಲ. ಅಪ್ಪ ಎದ್ದು ಬಂದು ಅಮ್ಮನ ಕೈ ಹಿಡಿದು ಎಳೆದ. "ಬಾ, ನನ್ನ ಜಾಗದಲ್ಲಿ ಕೂತ್ಕೋ."

ಜವಾದ್ ಸಿನಿಮಾ ಹಾಕಿದ. "ಇಲ್ಲಿ ಮಳೆ," ಅಂದಳು ಅಮ್ಮ ಅಪ್ಪನ ಮೂಲೆಯಿಂದ.

"ಮಳೆ ಯಾಕೆ, ಬಾ, ನನ್ನ ಕುದುರೆ ತಗೋ," ಅಂದಳು ಅತ್ತೆ. ಅಮ್ಮ ಎಡಮೂಲೆಗೆ ಹೋದಳು, ಅತ್ತೆ ನನ್ನ ಜಾಗಕ್ಕೆ ಬಂದಳು, ನಾನು ಅಪ್ಪನ ಜಾಗಕ್ಕೆ, ಅಪ್ಪ ಬಾಗಿಲ ಬಳಿಗೆ. "ನಿಜ, ಬರೀ ಫ್ರಿಜ್ಜು," ಅಂದ ಅಪ್ಪ ಅಲ್ಲಿಂದ, ನೊಂದ ದನಿಯಲ್ಲಿ. ಅತ್ತೆಗೆ ಈಗ ರಾಜನ ಮಂತ್ರಿಗಳು ಸಿಕ್ಕಿದ್ದರು, ಅವಳು ಜಾಗ ಬಿಡಲೊಪ್ಪಲಿಲ್ಲ. ನಾನು ಬಲವಂತದಿಂದ ಎಬ್ಬಿಸಲು ಹೋಗಿ ದುಂಡು ಮೇಜು ತಾಗಿತು, ಚಹಾವೂ ಅದರ ಪುದೀನ ಎಲೆಗಳೂ ಕಂಬಳಿಯ ಮೇಲೆ ಚೆಲ್ಲಿದವು. ಯಾರೂ ಒರೆಸಲಿಲ್ಲ. ಅಮ್ಮನೂ ಒರೆಸಲಿಲ್ಲ. ಆರು ಜನ ಆ ಇಕ್ಕಟ್ಟಿನಲ್ಲಿ ಒಬ್ಬರ ಕಾಲು ಒಬ್ಬರು ತುಳಿಯುತ್ತ, ಒಬ್ಬರ ಸಿನಿಮಾ ಒಬ್ಬರು ಕಸಿಯುತ್ತ ಓಡಾಡಿದೆವು. ನನ್ನಮ್ಮ ಓಡುವುದನ್ನು ನಾನು ನೋಡಿದ್ದು ಅದೇ ಮೊದಲು. ಕೊನೆಗೆ ಇಬ್ತಿಸಾಮ್ ಅವಳ ಭುಜ ಹಿಡಿದು ನಡುವಿನ ನೀಲಿ ಸ್ಟೂಲಿನ ಮೇಲೆ ಕೂರಿಸಿಬಿಟ್ಟಳು.

ಅಮ್ಮ ಮೊಣಕಾಲ ಮೇಲೆ ಕೈಯಿಟ್ಟು ಕೂತಳು. ಮಳೆ ಅವಳ ಬಲಕ್ಕೆ ಬಂತು. ಹೆಂಗಸು ಎಡಕ್ಕೆ ಅತ್ತಳು. ಕುದುರೆಗಳು ಹಿಂದಿನಿಂದ ಬಂದವು. ಅವಳು ತಲೆ ತಗ್ಗಿಸಿ ಅವುಗಳಿಗೆ ದಾರಿ ಬಿಟ್ಟಳು, ಆಮೇಲೆ ಅವು ಹೋದ ಕಡೆಗೆ ಕತ್ತು ತಿರುಗಿಸಿದಳು. ಹಣೆಯ ಮೇಲೆ ಜಾರಿದ ಕೂದಲನ್ನೂ ಸರಿಮಾಡಿಕೊಳ್ಳಲಿಲ್ಲ. ನಾವು ಐವರೂ ಗೋಡೆಗೆ ಒರಗಿ, ಏದುಸಿರು ಬಿಡುತ್ತ, ಸಿನಿಮಾ ಬಿಟ್ಟು ಅವಳನ್ನೇ ನೋಡಿದೆವು.

ಅವಳು ಜವಾದ್ ಕಡೆ ತಿರುಗಿ ಏನೋ ಹೇಳಿದಳು.

ಅದೇ ಹೊತ್ತಿಗೆ ಎರಡು ಸೈನ್ಯಗಳು ಡಿಕ್ಕಿ ಹೊಡೆದವು. "ಏನಂದ್ರಿ?" ಅಂತ ಜವಾದ್ ಕಿವಿಗೆ ಕೈ ಹಿಡಿದ. ಅಮ್ಮ ಮತ್ತೆ ಹೇಳಿದಳು. ಈಟಿಗಳು ಮುರಿದವು. ಅವನು ರಿಮೋಟಿಗಾಗಿ ತಡಕಾಡಿದ. ಅದು ಅತ್ತೆಯ ತೊಡೆಯ ಅಡಿಯಲ್ಲಿತ್ತು. ಅತ್ತೆ ಅದನ್ನು ಹಿಡಿದೆಳೆಯುವಾಗ ಬೆರಳು ಎಲ್ಲಿ ಬಿತ್ತೋ, ಸದ್ದು ಇಳಿಯುವ ಬದಲು ಏರಿತು. ಲೋಟಗಳು ತಟ್ಟೆಯಲ್ಲಿ ನಡೆಯತೊಡಗಿದವು. ಅಮ್ಮ ಎದ್ದು ನಿಂತು, ಎರಡೂ ಕೈಗಳನ್ನು ಬಾಯಿಗೆ ಬಟ್ಟಲಂತೆ ಹಿಡಿದು, ಸೈನ್ಯಗಳ ನಡುವಿನಿಂದ ಕೂಗಿದಳು. ಇಬ್ತಿಸಾಮ್ ನೆಲಕ್ಕೆ ಬಿದ್ದು ಪ್ಲಗ್ಗು ಕಿತ್ತಳು.

"...ನಿಮ್ಮಮ್ಮನ್ನ ಬರೋ ಶುಕ್ರವಾರ ಕರ್ಕೊಂಡು ಬಾ ಅಂತ ಹೇಳ್ತಿದೀನಿ ಕಣೋ."

ಸದ್ದು ಹೋದ ಹಜಾರದಲ್ಲಿ ಆ ಮಾತು ಗೋಡೆಯಿಂದ ಗೋಡೆಗೆ ಹೋಯಿತು. ಅಂಗಳದಿಂದ ಮೇಲೇರಿತು. ಬೀದಿಗೆ ಇಳಿಯಿತು. ಇಡೀ ಜೀವನದಲ್ಲಿ ದನಿ ಏರಿಸದ ನನ್ನಮ್ಮ ಬಾಯಿಯ ಮೇಲೆ ಕೈ ಮುಚ್ಚಿಕೊಂಡು ನಿಂತಳು.

ಮೊದಲು ಸದ್ದು ಮಾಡಿದ್ದು ನಾವಲ್ಲ. ಪಕ್ಕದ ಮನೆಯ ಮಾಳಿಗೆಯಲ್ಲಿ ಬಟ್ಟೆ ಎತ್ತುತ್ತಿದ್ದ ರಹ್ಮಾ ನಾಲಿಗೆ ಹೊರಳಿಸಿ ಉದ್ದಕ್ಕೆ ಮದುವೆಯ ಉಲಿ ಎತ್ತಿದಳು.

"ನಮ್ಮ ಮನೆ ಸುದ್ದಿಗೆ ಅವಳು ಮೊದಲು ಉಲಿಯೋದಾ," ಎಂದು ತಾಮೂ ಅತ್ತೆ ಕಪ್ಪು ಡಬ್ಬದ ಮೇಲೆ ಹತ್ತಿ ನಿಂತು, ಕಿಟಕಿಯ ಕಡೆ ಮುಖ ಮಾಡಿ, ಅದಕ್ಕಿಂತ ಉದ್ದದ್ದನ್ನು ಎತ್ತಿದಳು. ರಹ್ಮಾ ಉತ್ತರ ಕೊಟ್ಟಳು. ಅತ್ತೆ ಮರು ಉತ್ತರ ಕೊಟ್ಟಳು. ಎಂಟು ವರ್ಷದ ಮೇಲೆ ಅವರಿಬ್ಬರ ನಡುವೆ ಅದೇ ಮೊದಲ ಸಂಭಾಷಣೆ, ಬಹಳ ಹೊತ್ತು ನಡೆಯಿತು. ಅಪ್ಪ ಜವಾದ್‌ನ ಕೆನ್ನೆಗೆ ಮುತ್ತಿಟ್ಟು, ಅಮ್ಮನ ಮಾತನ್ನು ಇನ್ನೊಂದು ಸಲ ಗಟ್ಟಿಯಾಗಿ ಎಲ್ಲರಿಗೂ ಓದಿ ಹೇಳಿದ. ಜವಾದ್ ಬಾಗಿ ಕಂಬಳಿಯ ಮೇಲೆ ಚೆಲ್ಲಿದ್ದ ಪುದೀನ ಎಲೆಗಳನ್ನು ಒಂದೊಂದಾಗಿ ಹೆಕ್ಕತೊಡಗಿದ. ಇಬ್ತಿಸಾಮ್ ಪ್ಲಗ್ಗು ಹಿಡಿದುಕೊಂಡೇ ನೆಲದ ಮೇಲೆ ಕೂತು ನಗುತ್ತಿದ್ದಳು, ನಿಲ್ಲಿಸಲು ಅವಳಿಂದ ಆಗುತ್ತಿರಲಿಲ್ಲ.

ಅಮ್ಮ ಮತ್ತೆ ಸ್ಟೂಲಿನ ಮೇಲೆ ಕೂತಳು.

"ಅದನ್ನ ಹಾಕೇ," ಅಂದಳು ಮಗಳಿಗೆ. "ಕುದುರೆಗಳು ಎಲ್ಲಿಗೆ ಹೋದವು ನೋಡಬೇಕು."